ನಿಮಗಿದು ಗೊತ್ತೇ? ನಮ್ಮ ಬಿತ್ತು ಕಾದು ಕೂರುವುದಿಲ್ಲ

ಅಡಿಕೆ ಸಸಿಗೂ ಅಂಕ ಕೊಡುವ ಕ್ರಮ ಇದೆ, ಗೊತ್ತೇ? ಸಸಿಯ ಎಲೆಗಳನ್ನು ಎಣಿಸಿ 40ರಿಂದ ಗುಣಿಸಿ. ಬಂದದ್ದರಲ್ಲಿ ಸಸಿಯ ಎತ್ತರವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಕಳೆಯಿರಿ. ಉಳಿದದ್ದೇ ಅಂಕ. ಒಂದು ಮೀಟರ್ ಎತ್ತರಕ್ಕೆ ಬೆಳೆದು ಐದು ಎಲೆ ಬಿಟ್ಟ ಸಸಿಗೆ 100 ಅಂಕ. ಅದರ ಪಕ್ಕದಲ್ಲೇ 70 ಸೆಂಟಿಮೀಟರಿಗೆ ನಿಂತು ಆರು ಎಲೆ ಬಿಟ್ಟ ಕುಳ್ಳನಿಗೆ 170. ಪುತ್ತೂರು, ಸುಳ್ಯ, ಕಡಬದ ನರ್ಸರಿಗಳಿಗೆ ಹೋಗುವ ನಮ್ಮಲ್ಲಿ ಹೆಚ್ಚಿನವರು ಕೈ ಹಾಕುವುದು ಎತ್ತರದ ಸಸಿಗೇ. ಬೇಗ ಬೆಳೆದಿದೆ ಎಂಬ ಸಮಾಧಾನ ಅದು. ಆದರೆ ನೆರಳು ಹೆಚ್ಚಾಗಿ, ಚೀಲಗಳು ಒತ್ತಾಗಿ, ಬೆಳಕಿಗಾಗಿ ಚಾಚಿಕೊಂಡ ಸಸಿಯೂ ಎತ್ತರವೇ ಇರುತ್ತದೆ. ಅಡಿಕೆ ಮರದಲ್ಲಿ ಹಿಂಗಾರ ಹೊರಡುವುದು ಎಲೆಯ ಬುಡದಿಂದ. ಹಾಗಾಗಿ ಚಿಕ್ಕಂದಿನಲ್ಲೇ ಹೆಚ್ಚು ಎಲೆ ಬಿಡುವ ಸಸಿಯ ಮೇಲೆ ಭರವಸೆ ಇಡಬಹುದು.

ಬಿತ್ತಿನ ಅಡಿಕೆಯನ್ನು ನೀರಿಗೆ ಹಾಕಿ ನೋಡಿದ್ದೀರಾ? ಪೂರ್ತಿ ಹಣ್ಣಾದ, 35 ಗ್ರಾಮಿಗಿಂತ ಹೆಚ್ಚು ತೂಗುವ ಹಣ್ಣಡಿಕೆಗಳನ್ನು ಆರಿಸಿ ನೀರಿಗೆ ಬಿಡಿ. ಕೆಲವು ಅಡ್ಡಕ್ಕೆ ಮಲಗಿ ತೇಲುತ್ತವೆ, ಕೆಲವು ತೊಟ್ಟು ಮೇಲೆ ಮಾಡಿಕೊಂಡು ನೆಟ್ಟಗೆ ನಿಲ್ಲುತ್ತವೆ. ಹೀಗೆ ನೆಟ್ಟಗೆ ನಿಂತವುಗಳಿಂದಲೇ ಹೆಚ್ಚು ಕಸುವಿನ ಸಸಿ ಏಳುತ್ತದೆ. ಬಕೆಟ್ ನೀರಲ್ಲದೆ ಬೇರೇನೂ ಬೇಡ.

ಸಿಪ್ಪೆ ಸುಲಿಯುವ ಕೆಲಸವೂ ಇಲ್ಲ. ಇಡೀ ಹಣ್ಣನ್ನು, ತೊಟ್ಟು ಮೇಲಾಗಿ, ಮರಳಿನ ಪಾತಿಯಲ್ಲಿ ಕೂರಿಸಬೇಕು. ಮೊಳಕೆ ಹೊರಡುವುದು ತೊಟ್ಟಿನ ಬದಿಯಿಂದಲೇ. ಒಂದೂವರೆ ತಿಂಗಳ ಹೊತ್ತಿಗೆ ಮೊಳೆಯಲು ಸುರುವಾಗುತ್ತದೆ, ಮೂರು ತಿಂಗಳಿಗೆ ಚೀಲಕ್ಕೆ ಬದಲಾಯಿಸಬಹುದು. ಚೀಲಕ್ಕೆ ಏಳು ಪಾಲು ಮೇಲ್ಮಣ್ಣು, ಮೂರು ಪಾಲು ಹಟ್ಟಿಗೊಬ್ಬರ, ಎರಡು ಪಾಲು ಮರಳು. ತೋಟಕ್ಕೆ ಹೋಗುವುದು 12ರಿಂದ 18 ತಿಂಗಳ ಸಸಿ, ಕನಿಷ್ಠ ಐದು ಎಲೆ ಇರಬೇಕು. ಈ ಅವಧಿಯನ್ನು ಯಾವ ಟಾನಿಕ್ಕಿನಿಂದಲೂ ಅರ್ಧಕ್ಕೆ ಇಳಿಸಲು ಆಗುವುದಿಲ್ಲ. ಉಳಿಸಬಹುದಾದ ಸಮಯವೆಲ್ಲ ಇರುವುದು ಕೊಯ್ಲಿಗೂ ಬಿತ್ತುವುದಕ್ಕೂ ನಡುವೆ.

ಕೊಕ್ಕೋದ ಬೀಜವನ್ನು ಫ್ರಿಡ್ಜಿನಲ್ಲಿಟ್ಟರೆ ಅದು ಸಾಯುತ್ತದೆ ಎಂಬುದು ಗೊತ್ತೇ? ಚಳಿ ಅದಕ್ಕೆ ಆಗಿಬರುವುದೇ ಇಲ್ಲ. ಒಣಗಿಸಿ ಡಬ್ಬಿಯಲ್ಲಿಟ್ಟರೂ ಅದೇ ಗತಿ. ಕಾಯಿಂದ ಹೊರತೆಗೆದ ಬೀಜಕ್ಕೆ ಹೆಚ್ಚೆಂದರೆ ಒಂದು ವಾರದ ಆಯುಸ್ಸು. 1986ರಿಂದ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ ಇರುವ ಪುತ್ತೂರಿನವರಿಗೆ ಅಡಿಕೆ ತೋಟದ ನಡುವಿನ ಕೊಕ್ಕೋ ಗಿಡ ಹೊಸದೇನಲ್ಲ. ಆದರೂ ಬೀಜವನ್ನು ಚೀಟಿಯಲ್ಲಿ ಕಟ್ಟಿ ನೆಂಟರ ಮನೆಗೆ ಕಳಿಸುವವರಿದ್ದಾರೆ. ಕಳಿಸುವುದಿದ್ದರೆ ಇಡೀ ಕಾಯನ್ನೇ ಕಳಿಸಿ, ಅದರೊಳಗೆ ಬೀಜ ಇನ್ನಷ್ಟು ದಿನ ಜೀವ ಹಿಡಿದಿರುತ್ತದೆ. ಒಡೆದ ಮೇಲೆ ಸಿಹಿ ಲೋಳೆಯನ್ನು ಬೂದಿಯಲ್ಲೋ ಮರಳಲ್ಲೋ ಉಜ್ಜಿ ತೆಗೆದು ಅದೇ ದಿನ ಬಿತ್ತಬೇಕು. ಅತಿಯಾಗಿ ಹಣ್ಣಾದ ಕಾಯಿಯ ಒಳಗೇ ಬೇರು ಬಿಟ್ಟ ಬೀಜಗಳನ್ನು ಕೊಕ್ಕೋ ಒಡೆದವರೆಲ್ಲ ಕಂಡಿದ್ದಾರೆ. ಅಷ್ಟು ಅವಸರ ಅದಕ್ಕೆ.

ರಬ್ಬರಿನದು ಇದಕ್ಕಿಂತ ದೊಡ್ಡ ಕಥೆ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲ್‌ನಿಂದ ಲಂಡನ್ನಿನ ಕ್ಯೂ ತೋಟಕ್ಕೆ ಸುಮಾರು 70,000 ರಬ್ಬರ್ ಬೀಜ ಹಡಗಿನಲ್ಲಿ ಸಾಗಿಸಿದ. ಮೊಳೆತದ್ದು ಸುಮಾರು 2,700 ಮಾತ್ರ. ಉಳಿದವು ದಾರಿಯಲ್ಲೇ ಸತ್ತಿದ್ದವು. ಏಷ್ಯಾದ ರಬ್ಬರ್ ತೋಟಗಳ ವಂಶ ಹೆಚ್ಚಿನ ಮಟ್ಟಿಗೆ ಆ ಬದುಕುಳಿದ ಸಸಿಗಳದ್ದೇ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲು ಸುಳ್ಯ, ಪುತ್ತೂರಿನ ಕಾಡಂಚಿನಲ್ಲಿ ಎದ್ದ ಸರಕಾರಿ ರಬ್ಬರ್ ತೋಟಗಳೂ ಅದೇ ವಂಶಕ್ಕೆ ಸೇರುತ್ತವೆ. ಇಂದಿಗೂ ರಬ್ಬರ್ ಬೀಜ ಉದುರಿದ ಒಂದು ವಾರದೊಳಗೆ ಪಾತಿ ಸೇರಿದರೆ ಒಳ್ಳೆಯದು.

ಯಾಕೆ ಈ ಅವಸರ? ಭತ್ತ, ರಾಗಿಯ ಬೀಜ ಒಣಗಿ ಮಲಗಬಲ್ಲದು. ತೇವಾಂಶ ನೂರಕ್ಕೆ 12–13ಕ್ಕೆ ಇಳಿದರೂ ಒಳಗೆ ಜೀವ ಇರುತ್ತದೆ. ವರ್ಷವಿಡೀ ತೇವ ಇರುವ ಮಳೆಕಾಡಿನ ಮರಗಳಿಗೆ ಹಾಗೆ ಮಲಗುವ ಅಗತ್ಯವೇ ಬೀಳಲಿಲ್ಲ. ಬಿದ್ದಲ್ಲೇ ಮೊಳೆಯಬೇಕು, ಅಷ್ಟೆ. ಕೊಕ್ಕೋ, ರಬ್ಬರ್, ಹಲಸು, ಮಾವು, ಜಾಯಿಕಾಯಿ, ಅಡಿಕೆ, ತೆಂಗು ಎಲ್ಲವೂ ಈ ಗುಂಪಿನವು. ಒಳಗಿನ ನೀರು ಆರಿತೋ, ಭ್ರೂಣ ಸತ್ತಿತು.

ಮಲಗಬಲ್ಲ ಬೀಜಗಳ ತಾಳ್ಮೆ ಎಷ್ಟಿರಬಹುದು? ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ 1879ರಲ್ಲಿ ಕಳೆಗಿಡಗಳ ಬೀಜಗಳನ್ನು ಬಾಟಲಿಗಳಲ್ಲಿ ಹಾಕಿ ಹೂತಿಟ್ಟಿದ್ದರು. 2021ರಲ್ಲಿ ಅಗೆದ ಬಾಟಲಿಯ ಕೆಲವು ಬೀಜಗಳು ಆಗಲೂ ಮೊಳೆತವು. ಇಸ್ರೇಲಿನ ಮಸಾಡಾ ಕೋಟೆಯಲ್ಲಿ ಸಿಕ್ಕ ಸುಮಾರು 2,000 ವರ್ಷ ಹಳೆಯ ಖರ್ಜೂರದ ಬೀಜ 2005ರಲ್ಲಿ ಚಿಗುರಿತು.

ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ 2008ರಲ್ಲಿ ತೆರೆದ ಬೀಜ ಭಂಡಾರದ ಹೆಸರು ಕೇಳಿರುತ್ತೀರಿ. ನಮ್ಮ ಅಡಿಕೆ, ತೆಂಗಿನ ಬಿತ್ತನ್ನು ಅಲ್ಲಿ ಕಾಪಿಡುವಂತಿಲ್ಲ, ಆ ಚಳಿಗೆ ಅವು ಉಳಿಯವು. ಇವಕ್ಕೆ ಜೀವಂತ ತೋಟವೇ ಭಂಡಾರ. ಅಂಥ ತೋಟಗಳು ನಮ್ಮ ಬಗಲಲ್ಲೇ ಇವೆ: ಕಡಬ ತಾಲೂಕಿನ ಕಿದುವಿನಲ್ಲಿ ದಕ್ಷಿಣ ಏಷ್ಯಾದ ಅಂತಾರಾಷ್ಟ್ರೀಯ ತೆಂಗು ತಳಿ ಸಂಗ್ರಹ, ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ 1986ರಲ್ಲಿ ಸುರುವಾದ ಗೇರು ಸಂಶೋಧನಾ ಕೇಂದ್ರದ ರಾಷ್ಟ್ರೀಯ ಗೇರು ತಳಿ ತೋಟ, ನೆರೆಯ ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನೆ. ನಾರ್ವೆಯ ಹೆಸರು ಬಲ್ಲ ನಮ್ಮ ಶಾಲಾ ಮಕ್ಕಳನ್ನು ಒಮ್ಮೆ ಕಿದುವಿಗೆ ಕರೆದೊಯ್ಯಬೇಕು.

ತೆಂಗಿನ ಸಸಿಯ ಬಣ್ಣ ನೋಡಿ ಅದರ ತಂದೆ ಯಾರೆಂದು ಹೇಳಬಹುದು! ಚಾವಕ್ಕಾಡ್ ಕಿತ್ತಳೆ ಗಿಡ್ಡ ತಳಿಯನ್ನು ತಾಯಿಯಾಗಿಸಿ, ಎತ್ತರದ ತಳಿಯ ಪರಾಗ ಹಾಕಿ ಸಂಕರ ಮಾಡುತ್ತಾರೆ. ಸಂಕರ ಆಗಿದ್ದರೆ ಸಸಿಯ ಎಲೆದಂಟು ಕಂದು ಇಲ್ಲವೇ ಹಸಿರು ಛಾಯೆಗೆ ತಿರುಗುತ್ತದೆ. ದಂಟು ಅಚ್ಚ ಕಿತ್ತಳೆಯಾದರೆ ಅದು ತನ್ನದೇ ಪರಾಗದಿಂದ ಆದ ಸಸಿ, ಸಂಕರ ಎಂದು ಕೊಳ್ಳಬೇಡಿ. ತೆಂಗಿನಲ್ಲಿ ಇನ್ನೆರಡು ಒಳ್ಳೆಯ ಲಕ್ಷಣ: ಬೇಗ ಮೊಳೆತಿರಬೇಕು, ಎಲೆ ಬೇಗ ಸೀಳಿರಬೇಕು. ಬಿತ್ತಿ ಆರು ತಿಂಗಳಾದರೂ ಮೊಳೆಯದ ಕಾಯನ್ನು ಪಾತಿಯಿಂದ ತೆಗೆದುಹಾಕಿ.

ಗೇರುಬೀಜವನ್ನು ಉಪ್ಪುನೀರಿಗೆ ಹಾಕಿ. ಮುಳುಗಿದ್ದು ಬಿತ್ತಲಿಕ್ಕೆ, ತೇಲಿದ್ದು ಬೇಡ. ಮುಳುಗಿದ್ದನ್ನು ತೊಳೆದು ರಾತ್ರಿಯಿಡೀ ನೆನೆಹಾಕಿ, ಹಣ್ಣಿಗೆ ಅಂಟಿದ್ದ ತುದಿ ಮೇಲಾಗುವಂತೆ ಒಂದು ಇಂಚು ಆಳಕ್ಕೆ ಊರಿದರೆ ಎರಡು ಮೂರು ವಾರದಲ್ಲಿ ಮೊಳಕೆ. ಆದರೆ ಬೀಜದ ಗೇರು ತಾಯಿಮರದ ಹಾಗೆಯೇ ಇರುತ್ತದೆ ಎನ್ನುವ ಹಾಗಿಲ್ಲ. ಅದಕ್ಕೇ ಒಂದೂವರೆ–ಎರಡು ತಿಂಗಳ ಸಸಿಗೆ ಒಳ್ಳೆ ತಳಿಯ ಕುಡಿ ಕಸಿ ಕಟ್ಟುವುದು.

ಒಂದೇ ಗೊರಟಿನಿಂದ ಮೂರು ನಾಲ್ಕು ಮಾವಿನ ಸಸಿ ಎದ್ದದ್ದನ್ನು ಕಂಡಿದ್ದೀರಾ? ಕರಾವಳಿಯ ನೆಕ್ಕರೆ, ಬಪ್ಪಕಾಯಿಯಂಥ ತಳಿಗಳ ಗುಣ ಅದು. ಹೀಗೆ ಎದ್ದ ಸಸಿಗಳಲ್ಲಿ ಹೆಚ್ಚಿನವು ತಾಯಿಮರದ ಪಡಿಯಚ್ಚು. ಕಸಿಗೆ ಒಂದೇ ಬಗೆಯ ಬುಡ ಬೇಕಾದವರಿಗೆ ಇದು ವರ. ಗೊರಟಿನ ಗಟ್ಟಿ ಚಿಪ್ಪನ್ನು ಒಳಗಿನ ಬೀಜಕ್ಕೆ ಪೆಟ್ಟಾಗದಂತೆ ಬಿಡಿಸಿ ನೆಟ್ಟರೆ ಮೊಳಕೆ ಇನ್ನೂ ಬೇಗ.

ಉಪ್ಪಾಗೆಯ ಬೀಜ ಮಾತ್ರ ಈ ಗುಂಪಿನಲ್ಲಿ ನಿಧಾನಿ. ಹಾಗೇ ಬಿತ್ತಿದರೆ ಮೊಳೆಯಲು ತಿಂಗಳುಗಟ್ಟಲೆ ಬೇಕು. ಬೀಜದ ಸಿಪ್ಪೆ ಸುಲಿದು ಬಿತ್ತಿದರೆ ಎಷ್ಟೋ ಬೇಗ ಏಳುತ್ತದೆ. ಅದರ ನೆಂಟ ಪುನರ್ಪುಳಿಯಲ್ಲಿ ಇನ್ನೊಂದು ತೊಡಕು: ಗಂಡು, ಹೆಣ್ಣು ಗಿಡ ಬೇರೆ ಬೇರೆ, ಹೂ ಬಿಡುವ ತನಕ ತಿಳಿಯುವುದಿಲ್ಲ. ಜಾಯಿಕಾಯಿಯದೂ ಇದೇ ಕಥೆ. ಕಾಯಿ ಬೇಕಿದ್ದವರು ಕಸಿ ಗಿಡ ತರುವುದೇ ಮೇಲು.

ಈಗ ಅಂಗಳದ ತರಕಾರಿಗೆ ಬರೋಣ. ಸಾಂಬಾರುಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟಕ್ಕೆ ತೂಗುಹಾಕುತ್ತಿದ್ದದ್ದು ಬರೇ ಮಳೆಗಾಲದ ಸಾಂಬಾರಿಗಲ್ಲ. ಕಾಯಿಯೊಳಗೆ ಬೀಜ ಪೂರ್ತಿ ಬಲಿಯಲು ಸಮಯ ಸಿಗುತ್ತಿತ್ತು. ಕೊಯ್ದ ಕೂಡಲೇ ತೆಗೆದ ಬೀಜಕ್ಕಿಂತ ಹೀಗೆ ಬಲಿತ ಬೀಜದ ಮೊಳಕೆ ಹೆಚ್ಚು ಗಟ್ಟಿ. ತೊಳೆದು, ಬೂದಿ ಹಚ್ಚಿ, ನೆರಳಲ್ಲಿ ಒಣಗಿಸಿದರೆ ಹುಳದ ಕಾಟವೂ ಕಡಿಮೆ.

ಹಾಗಲ, ಪಡುವಲದ ಗಟ್ಟಿ ಬೀಜವನ್ನು ರಾತ್ರಿ ನೆನೆಸಿ, ಬೆಂಡೆಯನ್ನೂ ನೆನೆಸಬಹುದು. ಅಲಸಂಡೆಯನ್ನು ಹೆಚ್ಚು ಹೊತ್ತು ನೆನೆಸಬೇಡಿ, ಸಿಪ್ಪೆ ಒಡೆದು ಕೊಳೆಯುತ್ತದೆ. ಹದ ಇರುವ ಮಣ್ಣಿಗೆ ನೇರ ಹಾಕಿದರೆ ಮೂರು ನಾಲ್ಕು ದಿನಕ್ಕೆ ತಲೆ ಎತ್ತುತ್ತದೆ. ಬೀಜ ಎಷ್ಟು ದಪ್ಪವೋ ಅದರ ಎರಡು ಮೂರು ಪಟ್ಟು ಆಳ ಸಾಕು. ಹರಿವೆಯನ್ನು ಮರಳಲ್ಲಿ ಬೆರೆಸಿ ಮೇಲೆ ಚೆಲ್ಲಿದರಾಯಿತು. ಬಸಳೆಗೆ ಬೀಜದ ಉಸಾಬರಿಯೇ ಬೇಡ, ಬಳ್ಳಿಯ ತುಂಡೇ ಬೇಗ.

ಭತ್ತಕ್ಕೆ ಹಳೆಯ ಮೊಟ್ಟೆ ಪರೀಕ್ಷೆ ಇದೆ. ಮೊಟ್ಟೆ ತೇಲುವಷ್ಟು ಉಪ್ಪು ಹಾಕಿದ ನೀರಿನಲ್ಲಿ ಭತ್ತ ಸುರಿದರೆ ಜೊಳ್ಳು ಮೇಲೆ ಬರುತ್ತದೆ. ಗಟ್ಟಿ ಕಾಳನ್ನು ತೊಳೆದು, ಒಂದು ದಿನ ನೆನೆಸಿ, ಗೋಣಿಯಲ್ಲಿ ಒಂದೆರಡು ದಿನ ಕಟ್ಟಿಟ್ಟರೆ ಒಳಗೆ ಬಿಸಿಯೇರಿ ಮೊಳಕೆ ಒಡೆಯುತ್ತದೆ. ಗದ್ದೆ ಇಲ್ಲ ಎನ್ನುವವರು ಪುತ್ತೂರಿನ ಗಡಿಯಾಚೆ, ಕಾಸರಗೋಡಿನ ನೆಟ್ಟಣಿಗೆಯ ಬೆಳೇರಿಯನ್ನು ನೆನೆಯಬೇಕು. ಅಲ್ಲಿನ ಸತ್ಯನಾರಾಯಣ ಬೆಳೇರಿ ಅವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿದ್ದಾರೆ, ಅದಕ್ಕೆ ಚೀಲಗಳಲ್ಲೂ ಭತ್ತ ಬೆಳೆಸಿದ್ದಾರೆ. 2024ರಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತು.

ನಮ್ಮೂರಿನದೇ ಎಂದು ನಾವು ನಂಬಿರುವ ಮಂಗಳಾ ಅಡಿಕೆಯ ಮೂಲ ಚೀನಾ, ಗೊತ್ತೇ? ವಿಟ್ಲದಲ್ಲಿ ಆರಿಸಿ 1972ರಲ್ಲಿ ಬಿಡುಗಡೆ ಮಾಡಿದ ತಳಿ ಅದು. ಸುಮಂಗಳಾ ಇಂಡೊನೇಷ್ಯಾದ್ದು, ಶ್ರೀಮಂಗಳಾ ಸಿಂಗಾಪುರದ್ದು, ಮೋಹಿತ್‌ನಗರ ಪಶ್ಚಿಮ ಬಂಗಾಳದ್ದು. ಹೀರೇಹಳ್ಳಿ ಗಿಡ್ಡವನ್ನು ಸುಮಂಗಳಾ, ಮೋಹಿತ್‌ನಗರಗಳ ಜೊತೆ ಸೇರಿಸಿ ಗಿಡ್ಡ ಸಂಕರಗಳನ್ನೂ ಮಾಡಿದ್ದಾರೆ. ಆದರೆ ಸಂಕರದ ಮರದಿಂದ ಬಿತ್ತು ಇಡಬೇಡಿ, ಮುಂದಿನ ಪೀಳಿಗೆ ಗಿಡ್ಡವಾಗಿಯೇ ಬರುತ್ತದೆ ಎಂಬ ಖಾತರಿ ಇಲ್ಲ.

ಆಟಿಯ ಮಳೆಯಲ್ಲಿ ಎಳೆ ಸಸಿ ಬುಡ ಕೊಳೆತು ಮಲಗುವುದು ಪಿಥಿಯಂ ಎಂಬ ಸೂಕ್ಷ್ಮಜೀವಿಯಿಂದ. ನೀರು ಬಸಿದು ಹೋಗುವ ಪಾತಿಯೇ ಇದಕ್ಕೆ ಮೊದಲ ಮದ್ದು. ಎರಡನೆಯದು ನಮ್ಮ ಮನೆಮನೆಯಲ್ಲಿರುವ ಬೋರ್ಡೋ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. 1885ರ ಹೊತ್ತಿಗೆ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ರೂಪುಗೊಂಡ ಈ ದ್ರಾವಣವನ್ನು ಅಡಿಕೆಯ ಕೊಳೆರೋಗಕ್ಕೆ ಒಗ್ಗಿಸಿದವರು ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್.

ಕೊನೆಗೆ ಸುಳ್ಯದವರಿಗೆ ಒಂದು ಮಾತು. ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ಹಳದಿ ಎಲೆ ರೋಗ ಬರಿದು ಮಾಡಿದೆ. ರೋಗ ತುಂಬಿದ ತೋಟದ ನಡುವೆಯೂ ವರ್ಷಗಳಿಂದ ಹಸಿರಾಗಿ ನಿಂತ ಮರಗಳನ್ನು ಗುರುತಿಸಿ, ಅವುಗಳ ಸಂತತಿಯಿಂದ ರೋಗ ತಡೆಯುವ ತಳಿ ಪಡೆಯುವ ದಾರಿಯನ್ನು ವಿಜ್ಞಾನಿಗಳು ಹಿಡಿದಿದ್ದಾರೆ. ಅಂಥ ಒಂದು ಮರ ನಿಮ್ಮ ತೋಟದಲ್ಲಿದ್ದರೆ ರಬ್ಬರ್ ಹಾಕುವ ಅವಸರದಲ್ಲಿ ಕಡಿಯಬೇಡಿ. ಬುಡಕ್ಕೊಂದು ಗುರುತು ಹಾಕಿ, ವಿಟ್ಲದ ಕೇಂದ್ರಕ್ಕೆ ತಿಳಿಸಿ.