ಹೊರದೇಶದ ಪಾಲುದಾರಿಕೆಗೆ ಸರ್ಕಾರದ ನೆರವು: ಯಾದಗಿರಿ, ಶಹಾಪುರ, ಸುರಪುರದ ವ್ಯಾಪಾರಿ ಕುಟುಂಬಗಳಿಗೆ ಸಿಗುವುದೆಷ್ಟು?

ಯಾದಗಿರಿ ಗಂಜಿಗೆ ಹೊಸ ತೊಗರಿ ಬರುವ ಹೊತ್ತಿಗೆ ಅಡತಿ ಅಂಗಡಿಗಳಲ್ಲಿ ಕಲಬುರಗಿ, ಲಾತೂರು, ಅಕೋಲಾದ ದರ ವಿಚಾರಿಸುವುದು ಹಳೆಯ ರೂಢಿ. ಈಗ ಸುಮಾರು ಹತ್ತು ವರ್ಷಗಳಿಂದ ಆ ಪಟ್ಟಿಗೆ ಮೊಜಾಂಬಿಕ್ ಎಂಬ ಹೆಸರೂ ಸೇರಿಕೊಂಡಿದೆ. 2016ರ ಜುಲೈನಲ್ಲಿ ಪ್ರಧಾನಿಯವರ ಭೇಟಿಯ ಸಂದರ್ಭದಲ್ಲಿ ಭಾರತ ಮತ್ತು ಮೊಜಾಂಬಿಕ್ ಸರ್ಕಾರಗಳು ಬೇಳೆಕಾಳು ಖರೀದಿಯ ಒಪ್ಪಂದ ಮಾಡಿಕೊಂಡವು. ಅದರಂತೆ ತೊಗರಿಯ ಪ್ರಮಾಣ ವರ್ಷಕ್ಕೆ 2 ಲಕ್ಷ ಟನ್‌ವರೆಗೆ ಏರಿತು, ಒಪ್ಪಂದವನ್ನು 2025-26ರವರೆಗೆ ಮುಂದುವರಿಸಲಾಯಿತು. 2021ರಲ್ಲಿ ಮಲಾವಿಯಿಂದ ವರ್ಷಕ್ಕೆ 50 ಸಾವಿರ ಟನ್, ಮ್ಯಾನ್ಮಾರ್‌ನಿಂದ 1 ಲಕ್ಷ ಟನ್ ತೊಗರಿ ಹಾಗೂ 2.5 ಲಕ್ಷ ಟನ್ ಉದ್ದು ತರಿಸುವ ಒಪ್ಪಂದಗಳಾದವು. ಅದೇ ವರ್ಷದ ಮೇ ತಿಂಗಳಲ್ಲಿ ತೊಗರಿ ಆಮದನ್ನು ಮುಕ್ತಗೊಳಿಸಲಾಯಿತು.

ಇದರಿಂದ ನಮ್ಮ ಭಾಗದ ರೈತರಿಗೆ ಬೇಸರವಿದೆ, ಅದಕ್ಕೆ ಕಾರಣವೂ ಇದೆ. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂ. ಎಂದು ಘೋಷಣೆಯಾಗಿದ್ದರೂ ಹಡಗಿನ ಮಾಲು ಬಂದಿಳಿಯುವ ಸುದ್ದಿಗೇ ಗಂಜಿನಲ್ಲಿ ದರ ಅಲುಗುತ್ತದೆ. ರೈತರಿಂದ ಕೊಳ್ಳುವ ಅಡತಿ ಅಂಗಡಿ, ಬೇಳೆ ಮಾಡುವ ದಾಲ್ ಮಿಲ್ ಎರಡನ್ನೂ ನಡೆಸುವ ನಮ್ಮ ಸಮಾಜದ ಕುಟುಂಬಗಳು ಈ ಜಗ್ಗಾಟದ ನಡುವೆಯೇ ಇವೆ. ಹೀಗಾಗಿ ಹೊಸ ತಲೆಮಾರಿನವರು ಒಂದು ಪ್ರಶ್ನೆ ಕೇಳುತ್ತಿದ್ದಾರೆ. ಮಾಲು ಹೇಗೂ ಅಲ್ಲಿಂದ ಬರುತ್ತಿದೆ, ನಾವೇ ಅಲ್ಲಿಯವರೊಂದಿಗೆ ಪಾಲುದಾರಿಕೆ ಮಾಡಿಕೊಂಡರೆ ಹೇಗೆ? ಅಂಥದಕ್ಕೆ ಸರ್ಕಾರ ಹಣ ಕೊಡುತ್ತದೆ ಎನ್ನುತ್ತಾರಲ್ಲ?

ಕೊಡುತ್ತದೆ. ಆದರೆ ಬಹುಪಾಲು ನಾವು ಅಂದುಕೊಳ್ಳುವ ರೀತಿಯಲ್ಲಿ ಅಲ್ಲ. ಕೈಗೆ ಮುಂಗಡ ಹಣ ಕೊಟ್ಟು "ಹೋಗಿ ಪಾಲುದಾರಿಕೆ ಮಾಡಿ" ಎನ್ನುವ ಯೋಜನೆಯನ್ನು ಹುಡುಕಿ ಹೊರಟವರು ಬರಿಗೈಯಲ್ಲಿ ಬರುತ್ತಾರೆ. ನೆರವು ಇರುವುದು ಖರ್ಚು ಮಾಡಿದ ಮೇಲೆ ಮರುಪಾವತಿಯಾಗಿ, ನಷ್ಟದ ವಿಮೆಯಾಗಿ, ಇಲ್ಲವೇ ಕೊಳ್ಳುವ ದೇಶಕ್ಕೆ ಕೊಟ್ಟ ಸಾಲವಾಗಿ. ಅದು ನಮ್ಮ ಅಂಗಡಿಯವರೆಗೆ ತಲುಪುತ್ತದೋ ಇಲ್ಲವೋ ಎಂಬುದು ನಮ್ಮ ವ್ಯವಹಾರ ಕಾಗದದ ಮೇಲೆ ಯಾವ ರೂಪದಲ್ಲಿದೆ ಎಂಬುದರ ಮೇಲೆ ನಿಂತಿದೆ.

ಹಣ ಹೋಗುವ ದಾರಿ

ಕೊಳ್ಳುವ ದೇಶಕ್ಕೆ ಕೊಡುವ ಸಾಲವನ್ನು ಮೊದಲು ನೋಡೋಣ. ಭಾರತ ಸರ್ಕಾರದ ಪರವಾಗಿ ಎಕ್ಸಿಮ್ ಬ್ಯಾಂಕ್ ಆಫ್ರಿಕಾ ಮತ್ತು ಏಷ್ಯಾದ ಬೆಳೆಯುತ್ತಿರುವ ದೇಶಗಳಿಗೆ ಕಡಿಮೆ ಬಡ್ಡಿಯ ಸಾಲ ಕೊಡುತ್ತದೆ. ಸಾಲ ಪಡೆದ ದೇಶ ಆ ಹಣದ ಸಾಮಾನ್ಯವಾಗಿ ಶೇ. 75ರಷ್ಟಕ್ಕೆ ಸರಕು, ಸೇವೆಗಳನ್ನು ಭಾರತದಿಂದಲೇ ಕೊಳ್ಳಬೇಕು. ಸೆನೆಗಲ್ ದೇಶದ ಭತ್ತದ ಗದ್ದೆಗಳಿಗೆ 2.7 ಕೋಟಿ ಡಾಲರ್‌ನ ಇಂಥ ಸಾಲದಲ್ಲಿ ಹೋದದ್ದು ಕಿರ್ಲೋಸ್ಕರ್ ಪಂಪ್‌ಗಳು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭವಾದ ಮನೆತನದ ಕಂಪನಿ ಅದು. ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ನೋಡಿದ ಸುರಪುರ, ಶಹಾಪುರದವರಿಗೆ ಆ ಗದ್ದೆಗಳ ಅಗತ್ಯ ಏನೆಂದು ಬೇರೆ ಹೇಳಬೇಕಿಲ್ಲ. ಈ ದಾರಿಯಲ್ಲಿ ಹಣ ಬರುವುದು ಟೆಂಡರ್ ಗೆದ್ದ ದೊಡ್ಡ ಕಂಪನಿಗೆ. ಸಣ್ಣವರಿಗೆ ಆ ಕಂಪನಿಗೆ ಬಿಡಿಭಾಗ ಅಥವಾ ಸೇವೆ ಒದಗಿಸುವ ಅವಕಾಶವಷ್ಟೇ.

ಹತ್ತಿಯ ವಿಷಯದಲ್ಲಿ ಇನ್ನೊಂದು ಬಗೆಯ ನೆರವಿದೆ. ವಾಣಿಜ್ಯ ಸಚಿವಾಲಯ 2012ರಿಂದ ಬೆನಿನ್, ಬುರ್ಕಿನಾ ಫಾಸೊ, ಮಾಲಿ, ಚಾಡ್, ಮಲಾವಿ, ನೈಜೀರಿಯಾ, ಉಗಾಂಡಾ ದೇಶಗಳಲ್ಲಿ ಹತ್ತಿ ತಾಂತ್ರಿಕ ನೆರವಿನ ಕಾರ್ಯಕ್ರಮ ನಡೆಸಿತು. ಬೀಜ, ಬೇಸಾಯ, ಜಿನ್ನಿಂಗ್ ತರಬೇತಿ ಎಲ್ಲವೂ ಅದರಲ್ಲಿದ್ದವು. ಜೊತೆಗೆ 2008ರಲ್ಲಿ ಭಾರತ ಅತಿ ಹಿಂದುಳಿದ ದೇಶಗಳ ಸರಕಿಗೆ ಸುಂಕ ವಿನಾಯಿತಿ ಘೋಷಿಸಿದಾಗ ಹತ್ತಿಯೂ ಅದರಲ್ಲಿ ಸೇರಿತ್ತು. ಶಹಾಪುರದ ಜಿನ್ನಿಂಗ್ ಮಿಲ್ ಮಾಲೀಕರು ಇದನ್ನು ಎರಡೂ ಕಡೆಯಿಂದ ನೋಡಬೇಕು. ಅಲ್ಲಿಯ ಅರಳೆ ಇಲ್ಲಿಗೆ ಬಂದರೆ ಸ್ಪರ್ಧೆ. ಆದರೆ ಮಿಲ್ ಕೂಡಿಸುವುದು, ನಡೆಸುವುದು, ಕಸ ಕಡಿಮೆ ಮಾಡುವುದು ಬಲ್ಲ ಕೈಗಳಿಗೆ ಅಲ್ಲಿ ಬೇಡಿಕೆ ಇದೆ.

ಶ್ರೀಮಂತ ದೇಶಗಳ ಸರ್ಕಾರಗಳೂ ಇಂಥ ಪಾಲುದಾರಿಕೆಗೆ ಹಣ ಕೊಡುತ್ತವೆ. ಜರ್ಮನಿಯ ಅಭಿವೃದ್ಧಿ ಸಚಿವಾಲಯದ ಡೆವೆಲೊಪಿಪಿಪಿ ಯೋಜನೆ 1999ರಿಂದ ಇದೆ. ಬೆಳೆಯುತ್ತಿರುವ ದೇಶದಲ್ಲಿ ಕಂಪನಿಯೊಂದು ಕೈಗೊಳ್ಳುವ ಯೋಜನೆಗೆ 1 ಲಕ್ಷದಿಂದ 20 ಲಕ್ಷ ಯೂರೋವರೆಗೆ ಸರ್ಕಾರದ ಪಾಲು ಸಿಗುತ್ತದೆ, ಕನಿಷ್ಠ ಅರ್ಧ ಖರ್ಚನ್ನು ಕಂಪನಿಯೇ ಹಾಕಬೇಕು. ಇಲ್ಲಿ ನಮ್ಮ ಪಾತ್ರ ಸಾಮಾನ್ಯವಾಗಿ ಸ್ಥಳೀಯ ಪಾಲುದಾರರದು. ಹತ್ತಿ ಅಥವಾ ಬೇಳೆಯ ಗುಣಮಟ್ಟಕ್ಕೆ ಯೂರೋಪಿನ ಖರೀದಿದಾರರು ಇಲ್ಲಿ ಯೋಜನೆ ಮಾಡಿದರೆ ಮಿಲ್ ನಮ್ಮದು, ಅರ್ಜಿ ಅವರದು. "ನಿಮಗೆ ಜರ್ಮನ್ ಸರ್ಕಾರದ ಅನುದಾನ ಕೊಡಿಸುತ್ತೇವೆ, ಮೊದಲು ಶುಲ್ಕ ಕಟ್ಟಿ" ಎಂದು ಯಾರಾದರೂ ಮಧ್ಯವರ್ತಿ ಬಂದರೆ ಬಾಗಿಲಲ್ಲೇ ಕಳಿಸಿಬಿಡಿ.

ನಮ್ಮ ಜಿಲ್ಲೆಗೆ ಹತ್ತಿರದ ದಾರಿ ಶೇಂಗಾ

ತೊಗರಿ, ಹತ್ತಿಯ ಮಾತು ದೊಡ್ಡದಾದರೂ ಯಾದಗಿರಿ ಜಿಲ್ಲೆಯ ಸಣ್ಣ ಉದ್ಯಮಕ್ಕೆ ನಿಜವಾಗಿ ಕೈಗೆಟಕುವುದು ಶೇಂಗಾ ಎಂಬುದು ಈ ಲೇಖಕನ ಅಭಿಪ್ರಾಯ. ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯಲ್ಲಿ 'ಒಂದು ಜಿಲ್ಲೆ ಒಂದು ಉತ್ಪನ್ನ'ದಡಿ ಯಾದಗಿರಿಗೆ ಸಿಕ್ಕಿರುವುದು ಶೇಂಗಾ. ಕೇಂದ್ರದ ಶೇ. 35 ಸಹಾಯಧನಕ್ಕೆ ಕರ್ನಾಟಕ ಸರ್ಕಾರ ಶೇ. 15 ಸೇರಿಸಿದ್ದರಿಂದ ಒಟ್ಟು ಶೇ. 50, ಗರಿಷ್ಠ 15 ಲಕ್ಷ ರೂ. ಆಗುತ್ತದೆ. ರಾಜ್ಯದಲ್ಲಿ ಇದರ ಹೊಣೆ ಕಪೆಕ್ ಸಂಸ್ಥೆಯದು. ಈ ಹಣವೂ ಕೈಗೆ ಬರುವುದಿಲ್ಲ. ಬ್ಯಾಂಕ್ ಸಾಲದ ಜೊತೆಗೆ ಪ್ರತ್ಯೇಕ ಖಾತೆಯಲ್ಲಿ ಕೂತಿದ್ದು, ಮೂರು ವರ್ಷ ಸಾಲ ಸರಿಯಾಗಿ ನಡೆದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ನಡುವೆ ಕಂತು ತಪ್ಪಿ ಖಾತೆ ಕೆಟ್ಟರೆ ಸಹಾಯಧನವೂ ಹೋಗುತ್ತದೆ.

ಭಾರತದ ಶೇಂಗಾ ಹೆಚ್ಚಾಗಿ ಹೋಗುವುದು ಇಂಡೋನೇಷ್ಯಾ, ವಿಯೆಟ್ನಾಂ, ಮಲೇಷ್ಯಾ, ಫಿಲಿಪ್ಪೀನ್ಸ್ ಕಡೆಗೆ. ಅವೂ ಬೆಳೆಯುತ್ತಿರುವ ದೇಶಗಳೇ. ಅಲ್ಲಿ ನಮ್ಮ ಮಾಲಿಗೆ ಇರುವ ದೊಡ್ಡ ಅಪಾಯ ಅಫ್ಲಾಟಾಕ್ಸಿನ್. ಕಾಳು ಸರಿಯಾಗಿ ಒಣಗದೆ ತೇವ ಉಳಿದಾಗ ಬರುವ ಬೂಸ್ಟಿನಿಂದ ಹುಟ್ಟುವ ವಿಷ ಇದು, ಕಣ್ಣಿಗೆ ಕಾಣುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಇಂಡೋನೇಷ್ಯಾ ಇದೇ ಕಾರಣಕ್ಕೆ ಭಾರತದ ಶೇಂಗಾವನ್ನು ತಾತ್ಕಾಲಿಕವಾಗಿ ತಡೆದಾಗ ತಪ್ಪು ಮಾಡದವರೂ ಕೈ ಕಟ್ಟಿ ಕೂರಬೇಕಾಯಿತು. ಯೂರೋಪಿನಲ್ಲಿ ನೇರವಾಗಿ ತಿನ್ನುವ ಶೇಂಗಾಕ್ಕೆ ಮಿತಿ ನೂರು ಕೋಟಿ ಪಾಲಿನಲ್ಲಿ ನಾಲ್ಕು ಪಾಲು ಮಾತ್ರ. ಹಾಗಾಗಿ ಹೊರದೇಶದ ಪಾಲುದಾರ ಮೊದಲು ಕೇಳುವುದು ದರವನ್ನಲ್ಲ, ಪ್ರಯೋಗಾಲಯದ ವರದಿಯನ್ನು.

ಈ ಖರ್ಚಿಗೆ ಸರ್ಕಾರದ ನೆರವಿದೆ. ಎಂಎಸ್‌ಎಂಇ ಸಚಿವಾಲಯದ ಅಂತರರಾಷ್ಟ್ರೀಯ ಸಹಕಾರ ಯೋಜನೆಯಲ್ಲಿ 2022ರಲ್ಲಿ ಮೊದಲ ಬಾರಿ ರಫ್ತು ಮಾಡುವ ಕಿರು, ಸಣ್ಣ ಉದ್ಯಮಗಳಿಗೆಂದು ಒಂದು ಭಾಗ ಸೇರಿಸಲಾಯಿತು. ಪರೀಕ್ಷೆ ಮತ್ತು ಗುಣಮಟ್ಟ ಪ್ರಮಾಣಪತ್ರಕ್ಕೆ 1 ಲಕ್ಷ ರೂ.ವರೆಗೆ, ರಫ್ತು ಉತ್ತೇಜನ ಮಂಡಳಿಯ ಸದಸ್ಯತ್ವ ಶುಲ್ಕದ ಶೇ. 75 ಅಥವಾ 20 ಸಾವಿರ ರೂ.ಗಳಲ್ಲಿ ಯಾವುದು ಕಡಿಮೆಯೋ ಅದು, ರಫ್ತು ವಿಮೆಯ ಕಂತಿಗೆ ವರ್ಷಕ್ಕೆ 10 ಸಾವಿರ ರೂ.ವರೆಗೆ ಮರುಪಾವತಿ ಇದೆ. ಹೊರದೇಶದ ಮೇಳಗಳಿಗೆ ಹೋಗುವ ವಿಮಾನ ದರ, ಮಳಿಗೆ ಬಾಡಿಗೆಗೂ ನೆರವಿದೆ. ಅದು ಒಬ್ಬರೇ ಹೋದರೆ ಸಿಗದು, ವಾಣಿಜ್ಯ ಸಂಘ ಅಥವಾ ರಫ್ತು ಮಂಡಳಿ ಒಯ್ಯುವ ತಂಡದಲ್ಲಿ ಹೋಗಬೇಕು. 2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 2030-31ರವರೆಗೆ 25,060 ಕೋಟಿ ರೂ.ಗಳ ರಫ್ತು ಉತ್ತೇಜನ ಮಿಷನ್‌ಗೆ ಒಪ್ಪಿಗೆ ಕೊಟ್ಟು, ರಫ್ತು ಸಾಲದ ಬಡ್ಡಿ ನೆರವು, ಮೇಳಗಳ ನೆರವು ಇತ್ಯಾದಿಗಳನ್ನು ಅದರಡಿ ತಂದಿದೆ. ಅರ್ಜಿ ಹಾಕುವ ಮುನ್ನ ಯಾವ ನೆರವು ಈಗ ಯಾವ ಹೆಸರಿನಲ್ಲಿದೆ ಎಂದು ಯಾದಗಿರಿಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ನಮ್ಮ ಕುಟುಂಬಗಳು ಎಡವುವ ಜಾಗ

ಅಡತಿ ಅಂಗಡಿಗೂ ಉದ್ಯಮ್ ನೋಂದಣಿ ಇದೆ, ಹಾಗಾಗಿ ಇವೆಲ್ಲ ಸಿಗುತ್ತವೆ ಎಂದು ಹಲವರು ನಂಬಿದ್ದಾರೆ. 2021ರ ಜುಲೈನಲ್ಲಿ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಕೊಟ್ಟದ್ದು ಬ್ಯಾಂಕುಗಳ ಆದ್ಯತಾ ಸಾಲಕ್ಕಾಗಿ ಮಾತ್ರ. ಮಾಲು ಕೊಂಡು ಮಾರುವವರಿಗೆ ಮೇಲಿನ ಮರುಪಾವತಿಗಳು ಅನ್ವಯಿಸುವುದಿಲ್ಲ. ಬೇಳೆ ಮಾಡುವ, ಶೇಂಗಾ ಸುಲಿಯುವ, ಹತ್ತಿ ಜಿನ್ ಮಾಡುವ ಘಟಕ ಉತ್ಪಾದನೆಯಡಿ ಬರುತ್ತದೆ. ಒಂದೇ ಮನೆಯವರ ಅಡತಿಯೂ ಮಿಲ್ಲೂ ಒಂದೇ ಖಾತೆಯಲ್ಲಿ ಬೆರೆತಿದ್ದರೆ ಮೊದಲು ಅವನ್ನು ಬೇರ್ಪಡಿಸಬೇಕು.

ಇದಕ್ಕಿಂತ ದೊಡ್ಡ ತೊಡಕು ಅವಿಭಕ್ತ ಕುಟುಂಬದ ಹೆಸರಿನಲ್ಲಿ ನಡೆಯುವ ವ್ಯವಹಾರ. 2022ರ ಆಗಸ್ಟ್ 22ರಿಂದ ಜಾರಿಯಲ್ಲಿರುವ ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ ಹೊರದೇಶದ ಕಂಪನಿಯಲ್ಲಿ ಪಾಲು ಕೊಳ್ಳಬಲ್ಲ ಭಾರತೀಯ ವ್ಯಾಪಾರ ಸಂಸ್ಥೆಗಳೆಂದರೆ ಕಂಪನಿ, ಎಲ್‌ಎಲ್‌ಪಿ, ಕಾನೂನಿನಿಂದ ಸ್ಥಾಪಿತವಾದ ಸಂಸ್ಥೆ ಮತ್ತು 1932ರ ಕಾಯ್ದೆಯಡಿ ನೋಂದಣಿಯಾದ ಪಾಲುದಾರಿಕೆ ಫರ್ಮ್. ಎಚ್‌ಯುಎಫ್ ಆ ಪಟ್ಟಿಯಲ್ಲಿಲ್ಲ. ಅಜ್ಜನ ಕಾಲದಿಂದ ಪತ್ರ ಬರೆದಿಟ್ಟುಕೊಂಡು ನೋಂದಣಿ ಮಾಡಿಸದ ಫರ್ಮೂ ಇಲ್ಲ. ವ್ಯಕ್ತಿಯಾಗಿ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿಯೊಳಗೆ, ಷರತ್ತುಗಳೊಂದಿಗೆ ಹೂಡಬಹುದು. ಯಾವ ರೂಪದಲ್ಲಾದರೂ ಹಣ ಕಳಿಸುವ ಮೊದಲೇ ಬ್ಯಾಂಕಿನ ಮೂಲಕ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯಬೇಕು. ಪರಿಚಯದವರ ಖಾತೆಗೆ ಕಳಿಸಿ ಆಮೇಲೆ ಕಾಗದ ಮಾಡಿಕೊಳ್ಳುವುದು ಫೆಮಾ ಉಲ್ಲಂಘನೆ.

ವಿಮೆಯ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. 1957ರಿಂದ ಇರುವ ಇಸಿಜಿಸಿ, ಹೊರದೇಶದ ಖರೀದಿದಾರ ಹಣ ಕೊಡದೆ ಹೋದರೆ ಅಥವಾ ಅಲ್ಲಿ ಯುದ್ಧ, ವಿದೇಶಿ ವಿನಿಮಯದ ನಿರ್ಬಂಧ ಬಂದರೆ ರಫ್ತುದಾರನ ನಷ್ಟದ ಬಹುಪಾಲು ತುಂಬಿಕೊಡುತ್ತದೆ. ದೇಶಗಳನ್ನು ಅಪಾಯಕ್ಕೆ ತಕ್ಕಂತೆ ಎ1ರಿಂದ ಡಿವರೆಗೆ ಏಳು ದರ್ಜೆ ಮಾಡಿದೆ. ಆ ದರ್ಜೆ ನೋಡಿಯೇ ಮಾತು ಮುಂದುವರಿಸುವುದು ಕ್ಷೇಮ. ಆದರೆ ಇದು ಮಾರುವವನ ವಿಮೆ. ತೊಗರಿ ತರಿಸಲು ನಾವು ಮುಂಗಡ ಕಳಿಸಿ ಮಾಲು ಬಾರದಿದ್ದರೆ ರಫ್ತು ವಿಮೆ ಕೈಹಿಡಿಯುವುದಿಲ್ಲ. 2023ರ ಕೊನೆಯಲ್ಲಿ ಭಾರತಕ್ಕೆ ಬರಬೇಕಿದ್ದ ತೊಗರಿ ಅಲ್ಲಿನ ವ್ಯಾಪಾರಿ ಸಂಸ್ಥೆಗಳ ಜಗಳದಿಂದ ಮೊಜಾಂಬಿಕ್‌ನ ನಕಾಲಾ ಬಂದರಿನಲ್ಲೇ ಸಿಕ್ಕಿಬಿದ್ದಿತ್ತು. ಎರಡು ಸರ್ಕಾರಗಳ ಒಪ್ಪಂದ ಇದ್ದಾಗಲೇ ಆದದ್ದು ಇದು. ಆಮದು ಮಾಡುವವರು ಎಲ್‌ಸಿ ಇಲ್ಲದೆ, ಅಥವಾ ಬ್ಯಾಂಕ್ ಗ್ಯಾರಂಟಿ ಇಲ್ಲದೆ ಮುಂಗಡ ಕೊಡಬಾರದು.

ಅಲ್ಪಸಂಖ್ಯಾತರ ಸಾಲ ಇದಕ್ಕೆ ಬರುತ್ತದೆಯೇ ಎಂಬ ಪ್ರಶ್ನೆಗೂ ಉತ್ತರ ಹೇಳಬೇಕು. ಕೇಂದ್ರ ಸರ್ಕಾರ 2014ರ ಜನವರಿ 27ರಂದು ಜೈನ ಸಮುದಾಯವನ್ನು ಅಲ್ಪಸಂಖ್ಯಾತ ಎಂದು ಅಧಿಸೂಚಿಸಿದ ಮೇಲೆ ರಾಷ್ಟ್ರೀಯ ಅಲ್ಪಸಂಖ್ಯಾತರ ಅಭಿವೃದ್ಧಿ ಮತ್ತು ಹಣಕಾಸು ನಿಗಮದ ಸಾಲ ನಮಗೂ ತೆರೆದಿದೆ. ಕುಟುಂಬದ ವಾರ್ಷಿಕ ಆದಾಯ 3 ಲಕ್ಷ ರೂ. ಒಳಗಿದ್ದರೆ ಶೇ. 6ರ ಬಡ್ಡಿಗೆ 20 ಲಕ್ಷ ರೂ.ವರೆಗೆ, 8 ಲಕ್ಷದ ಒಳಗಿದ್ದರೆ ಪುರುಷರಿಗೆ ಶೇ. 8, ಮಹಿಳೆಯರಿಗೆ ಶೇ. 6ರ ಬಡ್ಡಿಗೆ 30 ಲಕ್ಷ ರೂ.ವರೆಗೆ ಮಿತಿ ಇದೆ. ಇದು ಸ್ವಯಂ ಉದ್ಯೋಗದ ಸಾಲ, ಹೊರದೇಶದ ಹೂಡಿಕೆಗಲ್ಲ. ಇಲ್ಲಿಯೇ ಶೇಂಗಾ ಅಥವಾ ಬೇಳೆಯ ಸಣ್ಣ ಘಟಕ ಹಾಕುವ ನಮ್ಮ ಹೆಣ್ಣುಮಕ್ಕಳಿಗೆ ಉಪಯುಕ್ತ.

ಕಾಗದಕ್ಕೆ ಸಹಿ ಮಾಡುವ ಮುನ್ನ ಮನೆಯ ಹಿರಿಯರನ್ನೊಮ್ಮೆ ಕೇಳಿ. ದಿಗ್ವ್ರತ ತೆಗೆದುಕೊಂಡ ಶ್ರಾವಕರು ದಿಕ್ಕುಗಳಿಗೆ ಗಡಿ ಹಾಕಿಕೊಂಡಿರುತ್ತಾರೆ. ಆ ಗಡಿಯಾಚೆಯ ವ್ಯಾಪಾರದ ಫರ್ಮಿನಲ್ಲಿ ಅವರ ಹೆಸರನ್ನು ಕೇಳದೆ ಪಾಲುದಾರರೆಂದು ಬರೆಯುವುದು ಅವರ ವ್ರತಕ್ಕೆ ಅಡ್ಡಿ. ತತ್ತ್ವಾರ್ಥಸೂತ್ರ ಅಚೌರ್ಯ ವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನೂ ಎಣಿಸಿದೆ. ಇನ್‌ವಾಯ್ಸ್‌ನಲ್ಲಿ ಕಡಿಮೆ ಬೆಲೆ ತೋರಿಸೋಣ ಎಂದು ಅತ್ತ ಕಡೆಯವರು ಹೇಳಿದಾಗ ನೆನಪಿಗೆ ಬರಬೇಕಾದದ್ದು ಇದು. ಹೊಸ ಪಾಲುದಾರರು ಮಾಂಸ, ಚರ್ಮ, ದಂತದ ವ್ಯಾಪಾರವನ್ನೂ ಮಾಡುತ್ತಾರೆಯೇ ಎಂದು ವಿಚಾರಿಸಿ, ನಮ್ಮ ಬಂಡವಾಳ ಅದಕ್ಕೆ ಹೋಗಕೂಡದು ಎಂಬ ಷರತ್ತನ್ನು ಒಪ್ಪಂದದಲ್ಲೇ ಬರೆಸಬಹುದು. ಹೊರದೇಶದವರು ಅದಕ್ಕೆ ತಕರಾರು ಮಾಡುವುದು ವಿರಳ.

ಆರಂಭಿಸುವವರಿಗೆ ಮೊದಲ ಕಾಗದ ಡಿಜಿಎಫ್‌ಟಿಯ ಆಮದು-ರಫ್ತು ಸಂಕೇತ ಸಂಖ್ಯೆ, ಅಂದರೆ ಐಇಸಿ. ಪ್ಯಾನ್ ಆಧಾರದ ಮೇಲೆ ಆನ್‌ಲೈನ್‌ನಲ್ಲೇ ಸಿಗುತ್ತದೆ, ಶುಲ್ಕ 500 ರೂ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ನವೀಕರಿಸಿ ದೃಢಪಡಿಸಬೇಕು, ಬದಲಾವಣೆ ಏನೂ ಇಲ್ಲದಿದ್ದರೂ ಸರಿ. ಮರೆತರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ, ಬಂದರಿನಲ್ಲಿ ಮಾಲು ನಿಂತ ಮೇಲೆಯೇ ಅದು ಗೊತ್ತಾಗುವುದು.