ಎರಡು ಶಾಕಪ್ಪಿನ ಸೈಕಲ್ಲು: ಕೊಳ್ಳುವ ಮುನ್ನ ಕೂತು ನೋಡಿ

ವಾರ್ಷಿಕ ಪರೀಕ್ಷೆ ಮುಗಿಯುತ್ತಿದ್ದಂತೆ ಅನೇಕ ಮನೆಗಳಲ್ಲಿ ಸೈಕಲ್ಲಿನ ಮಾತು ಏಳುತ್ತದೆ. ಮಗನೋ ಮಗಳೋ ಕೇಳುವುದು ಅಪ್ಪ ತುಳಿದ ಕರಿ ಸೈಕಲ್ಲನ್ನಲ್ಲ. ದಪ್ಪ ಟಯರು, ಹತ್ತಾರು ಗೇರು, ಮುಂದೊಂದು ಹಿಂದೊಂದು ಶಾಕಪ್ಪು ಇರುವ ‘ಮೌಂಟನ್ ಬೈಕ್’ ಬೇಕು. ಅಂಗಡಿಯವರು ಇದನ್ನು ‘ಡಬಲ್ ಶಾಕರ್’ ಎನ್ನುತ್ತಾರೆ. ಬಲ್ಲವರ ಬಾಯಲ್ಲಿ ‘ಫುಲ್ ಸಸ್ಪೆನ್ಷನ್’. ಹತ್ತು-ಹದಿನೈದು ಸಾವಿರ ರೂಪಾಯಿಗೂ ಸಿಗುತ್ತದೆ, ಒಂದೂವರೆ ಲಕ್ಷ ಕೊಟ್ಟರೂ ಸಿಗುತ್ತದೆ. ದೂರದಿಂದ ನೋಡಿದರೆ ಎರಡೂ ಒಂದೇ ಜಾತಿ. ಹಾಗಾದರೆ ಇಷ್ಟೊಂದು ಹೆಚ್ಚಿನ ಹಣ ಹೋಗುವುದೆಲ್ಲಿಗೆ? ಮಧ್ಯಮ ದರ್ಜೆಯ ಸೈಕಲ್ಲೊಂದು ಕಲ್ಲುಮುಳ್ಳಿನ ಕಾಲುದಾರಿಗೆ ನಿಜಕ್ಕೂ ತಕ್ಕುದೇ ಎಂದು ತಿಳಿಯುವುದು ಹೇಗೆ?

ಬೆಟ್ಟದ ಸೈಕಲ್ಲು ಹುಟ್ಟಿದಾಗ ಅದಕ್ಕೆ ಶಾಕಪ್ಪೇ ಇರಲಿಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಊರಿನ ಬಳಿ ಕೆಲವು ಯುವಕರು ಹಳೆಯ ಭಾರದ ಸೈಕಲ್ಲುಗಳನ್ನು ಹತ್ತಿ ಮಣ್ಣುದಾರಿಯಲ್ಲಿ ಇಳಿಜಾರಿನ ಪಂದ್ಯ ಶುರುಮಾಡಿದರು. ಪಂದ್ಯದ ಹೆಸರು ‘ರೀಪ್ಯಾಕ್’. ಕೆಳಗೆ ತಲುಪುವಷ್ಟರಲ್ಲಿ ಹಿಂದಿನ ಬ್ರೇಕಿನೊಳಗಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು. ಮತ್ತೆ ತುಂಬಬೇಕಾಗುತ್ತಿತ್ತು, ಅದಕ್ಕೇ ಆ ಹೆಸರು. ಆಗ ಸವಾರನ ಮೊಣಕೈ ಮೊಣಕಾಲುಗಳೇ ಶಾಕಪ್ಪು. ಮುಂದಿನ ಚಕ್ರಕ್ಕೆ ಶಾಕಪ್ಪು ಬಳಕೆಗೆ ಬಂದದ್ದು 1990ರ ಸುಮಾರಿಗೆ. ಹಿಂದಿನ ಚಕ್ರಕ್ಕೂ ಬಂದ ಮೇಲೆ, ಇದು ಭಾರ, ತುಳಿದ ಶಕ್ತಿಯನ್ನು ನುಂಗುತ್ತದೆ ಎಂಬ ದೂರು ಬಹುಕಾಲ ಇತ್ತು. ಆ ದೂರು ಪೂರ್ತಿ ಸುಳ್ಳೂ ಆಗಿರಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜೆಕ್ ಗಣರಾಜ್ಯದ ಯಾರೊಸ್ಲಾವ್ ಕುಲ್ಹಾವಿ ಫುಲ್ ಸಸ್ಪೆನ್ಷನ್ ಸೈಕಲ್ ತುಳಿದು ಚಿನ್ನ ಗೆದ್ದ. ಹಿಂದೆ ಶಾಕಪ್ಪಿಲ್ಲದ ಸೈಕಲ್ಲಿನ ಮೇಲೆ ಎರಡನೆಯವನಾಗಿ ಬಂದ ಸ್ವಿಟ್ಜರ್‌ಲೆಂಡಿನ ನಿನೊ ಶುರ್ಟರ್, 2016ರ ರಿಯೋ ಒಲಿಂಪಿಕ್ಸ್‌ಗೆ ತಾನೂ ಫುಲ್ ಸಸ್ಪೆನ್ಷನ್ ಹತ್ತಿಕೊಂಡೇ ಹೋಗಿ ಚಿನ್ನ ತಂದ.

ಅಂದರೆ ತಂತ್ರಜ್ಞಾನ ಗೆದ್ದಿದೆ. ಆದರೆ ಗೆದ್ದದ್ದು ಸ್ಪ್ರಿಂಗಲ್ಲ ಎಂಬುದನ್ನು ಕೊಳ್ಳುವವರು ಮೊದಲು ತಿಳಿಯಬೇಕು.

ಎತ್ತಿನ ಗಾಡಿಯಲ್ಲಿ ಸಂತೆಗೆ ಹೋದವರಿಗೂ ಜಟಕಾದಲ್ಲಿ ಹೋದವರಿಗೂ ಸ್ಪ್ರಿಂಗಿನ ಸುಖ ಏನೆಂದು ಹೇಳಬೇಕಾಗಿಲ್ಲ. ಜಟಕಾಕ್ಕೆ ಕಮಾನು ಪಟ್ಟಿ ಇರುತ್ತಿತ್ತು. ಆದರೆ ಬರೀ ಕಮಾನಿನ ಗಾಡಿ ಒಂದು ಗುಂಡಿ ದಾಟಿದ ಮೇಲೂ ತೂಗುತ್ತಲೇ ಇರುತ್ತದೆ. ಸ್ಪ್ರಿಂಗು ಪೆಟ್ಟನ್ನು ನುಂಗುವುದಿಲ್ಲ, ಸಾಲ ತೆಗೆದುಕೊಳ್ಳುತ್ತದೆ, ಮರುಕ್ಷಣ ಹಿಂದಿರುಗಿಸುತ್ತದೆ. ಆ ಶಕ್ತಿಯನ್ನು ಕರಗಿಸಲು ಇನ್ನೊಂದು ಅಂಗ ಬೇಕು. ಒಳ್ಳೆಯ ಶಾಕಪ್ಪಿನೊಳಗೆ ಎಣ್ಣೆಯಿರುತ್ತದೆ. ಅದು ಸಣ್ಣ ರಂಧ್ರಗಳ ಮೂಲಕ ಒತ್ತಿಕೊಂಡು ಹಾಯುವಾಗ ಪೆಟ್ಟಿನ ಶಕ್ತಿ ಶಾಖವಾಗಿ ಹೋಗುತ್ತದೆ. ಭೌತಶಾಸ್ತ್ರದಲ್ಲಿ ಹೇಳುವ ‘ಅವಮಂದಿತ ಆಂದೋಲನ’ ಇದೇ. ಅಗ್ಗದ ಡಬಲ್ ಶಾಕರ್‌ಗಳಲ್ಲಿ ಬಹಳಷ್ಟಕ್ಕೆ ಈ ಎಣ್ಣೆಯ ಏರ್ಪಾಡೇ ಇರುವುದಿಲ್ಲ. ಕಲ್ಲಿನ ಇಳಿಜಾರಿನಲ್ಲಿ ಅಂಥ ಸೈಕಲ್ಲು ಸವಾರನನ್ನು ಸೀಟಿನಿಂದ ಮೇಲಕ್ಕೆ ಎಸೆಯುತ್ತದೆ. ಚಕ್ರ ನೆಲ ಬಿಟ್ಟಾಗ ಬ್ರೇಕು ಎಷ್ಟು ಹಿಡಿದರೂ ಫಲವಿಲ್ಲ.

ಇನ್ನೊಂದು ಸಂಗತಿ ಮಕ್ಕಳಿಗೆ ವಿಶೇಷವಾಗಿ ಅನ್ವಯಿಸುವುದು. ಉಕ್ಕಿನ ಸ್ಪ್ರಿಂಗಿನ ಬಿಗಿತ ಕಾರ್ಖಾನೆಯಲ್ಲೇ ನಿಶ್ಚಯವಾಗಿರುತ್ತದೆ. ಎಪ್ಪತ್ತೈದು ಕಿಲೋದ ಅಪ್ಪನಿಗೆ ಹೊಂದುವ ಸ್ಪ್ರಿಂಗು ನಲವತ್ತೈದು ಕಿಲೋದ ಮಗಳಿಗೆ ಅಲುಗುವುದೇ ಇಲ್ಲ. ಆಕೆ ಹೊತ್ತು ತಿರುಗುವುದು ಬರೀ ಕಬ್ಬಿಣದ ಭಾರ. ಮಧ್ಯಮ ದರ್ಜೆಯ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಉಕ್ಕಿನ ಬದಲು ಗಾಳಿಯೇ ಸ್ಪ್ರಿಂಗು. ಒತ್ತಿದಷ್ಟೂ ಗಾಳಿ ಹೆಚ್ಚು ಹೆಚ್ಚು ಬಿಗಿಯಾಗುತ್ತದೆ. ಬಾಯ್ಲನ ನಿಯಮವನ್ನು ಕಂಠಪಾಠ ಮಾಡಿದವರು ಇಲ್ಲಿ ಅದನ್ನು ಕೂತು ಅನುಭವಿಸಬಹುದು. ಮಗು ಬೆಳೆದಂತೆ ಪಂಪಿನಿಂದ ಇನ್ನಷ್ಟು ಗಾಳಿ ತುಂಬಿದರಾಯಿತು. ನನ್ನ ಮಟ್ಟಿಗೆ ಹೆಚ್ಚಿನ ಹಣ ಕೊಡಲು ಇರುವ ಮೊದಲ ಕಾರಣ ಇದೇ.

ಈ ದರ್ಜೆಯ ಒಂದು ಮಾದರಿ ತೈವಾನಿನ ಜೈಂಟ್ ಕಂಪನಿಯ ‘ಸ್ಟಾನ್ಸ್ 29’. ಅಲ್ಯೂಮಿನಿಯಂ ಚೌಕಟ್ಟು, 29 ಇಂಚಿನ ಚಕ್ರ. ಮುಂದಿನ ಚಕ್ರ 130 ಮಿಲಿಮೀಟರ್, ಹಿಂದಿನದು 120 ಮಿಲಿಮೀಟರ್ ಮೇಲೆ ಕೆಳಗೆ ಆಡುತ್ತದೆ. ಇದೇ ಕಂಪನಿಯ ದುಬಾರಿ ಸೈಕಲ್ಲುಗಳ ‘ಮೇಸ್ಟ್ರೋ’ ಏರ್ಪಾಡಿನಲ್ಲಿ ಹಿಂಬದಿಯನ್ನು ನಾಲ್ಕು ಕೀಲುಗಳು ಆಡಿಸಿದರೆ, ಸ್ಟಾನ್ಸ್‌ನಲ್ಲಿ ಹಿಂಚಕ್ರದ ಬಳಿ ಕೀಲೇ ಇಲ್ಲ. ಅಲ್ಲಿನ ಕೊಳವೆ ತಾನೇ ತುಸು ಬಾಗುತ್ತದೆ. ಹಣ ಉಳಿಸಲು ಮಾಡಿದ್ದು, ನಿಜ. ಆದರೆ ಕೀಲು ಕಡಿಮೆಯಾದರೆ ಸವೆಯುವ ಬೇರಿಂಗೂ ಕಡಿಮೆ. ನಮ್ಮ ಧೂಳಿಗೆ, ಮಳೆಗಾಲದ ಕೆಸರಿಗೆ ಅದೊಂದು ಅನುಕೂಲವೇ ಸರಿ. ಕೊಳ್ಳುವಾಗ ಚೌಕಟ್ಟಿನ ಮೇಲಿನ ಬಣ್ಣದ ಹೆಸರುಗಳಿಗಿಂತ ಇಂಥ ಕೊಡು-ಕೊಳ್ಳುವಿಕೆಯನ್ನು ಕೇಳಿ ತಿಳಿಯುವುದು ಒಳ್ಳೆಯದು.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಗಳುಂಟು. ಮೊದಲನೆಯದು ‘ಸ್ಯಾಗ್’, ಅಂದರೆ ಸವಾರ ಸುಮ್ಮನೆ ಕೂತಾಗ ಶಾಕಪ್ಪು ಎಷ್ಟು ತಗ್ಗುತ್ತದೆ ಎಂಬುದು. ಹಿಂದಿನ ಶಾಕಪ್ಪಿನ ಹೊಳೆಯುವ ದಂಡಕ್ಕೆ ಒಂದು ರಬ್ಬರ್ ಉಂಗುರ ಇರುತ್ತದೆ. ಅದನ್ನು ಮೇಲಕ್ಕೆ ಸರಿಸಿ, ಬೂಟು, ಹೆಲ್ಮೆಟ್ಟು, ಬೆನ್ನಚೀಲ ಸಮೇತ ಮೆಲ್ಲಗೆ ಕೂತು, ಮೆಲ್ಲಗೆ ಇಳಿಯಬೇಕು. ದಂಡದ ಒಟ್ಟು ಓಟ 50 ಮಿಲಿಮೀಟರ್ ಇದ್ದರೆ ಉಂಗುರ ಸುಮಾರು 15 ಮಿಲಿಮೀಟರ್ ಸರಿದಿರಬೇಕು, ಅಂದರೆ ಶೇಕಡಾ 25ರಿಂದ 30. ಗಾಳಿ ಹೆಚ್ಚುಕಡಿಮೆ ಮಾಡಿದರೂ ಈ ಅಳತೆ ಬರದಿದ್ದರೆ ಆ ಸೈಕಲ್ಲು ನಿಮ್ಮ ಮಗುವಿನದಲ್ಲ. ಇದನ್ನು ಮಾಡಿ ತೋರಿಸಲು ಬೇಸರಪಡುವ ಅಂಗಡಿಯೂ ನಿಮ್ಮದಲ್ಲ.

ಆಮೇಲೆ ಸೀಟಿನಲ್ಲಿ ಕೂತೇ ಫುಟ್‌ಪಾತಿನ ಅಂಚಿನಿಂದ ನಿಧಾನವಾಗಿ ಕೆಳಗಿಳಿಸಿ. ಸೈಕಲ್ಲು ತಗ್ಗಿ, ಒಮ್ಮೆ ಎದ್ದು, ಸುಮ್ಮನಾಗಬೇಕು. ಎರಡು-ಮೂರು ಸಲ ಕುಣಿದರೆ ಎಣ್ಣೆಯ ತಡೆ ಸಾಲದು. ಹೆಚ್ಚಾಗಿ ಕೆಂಪು ಬಣ್ಣದಲ್ಲಿರುವ ಸಣ್ಣ ತಿರುಪು ಇದನ್ನು ಹೊಂದಿಸಲು ಇರುವುದು. ಅದನ್ನು ತಿರುಗಿಸಿ ಮತ್ತೆ ನೋಡಿ. ಏರಿನಲ್ಲಿ ಕೂತು ತುಳಿಯುವಾಗ ಹಿಂಭಾಗ ಪ್ರತಿ ತುಳಿತಕ್ಕೂ ಎದ್ದುಬಿದ್ದರೆ, ಆ ದೂರು ಇಲ್ಲಿ ಇನ್ನೂ ಜೀವಂತವಾಗಿದೆ ಎಂದರ್ಥ. ಸ್ವಲ್ಪ ಆಡಿದರೆ ಪರವಾಗಿಲ್ಲ. ಹಿಂಚಕ್ರವನ್ನು ಎತ್ತಿ ಹಿಡಿದು ಪಕ್ಕಕ್ಕೆ ಅಲುಗಿಸಿದಾಗ ಕೀಲುಗಳಲ್ಲಿ ‘ಟಕ್’ ಎಂಬ ಸದ್ದು ಬರಕೂಡದು.

ಬ್ರೇಕು ತಂತಿಯದಲ್ಲ, ಎಣ್ಣೆಯದಿರಲಿ. ಒಂದೇ ಬೆರಳಿನಿಂದ ನಿಲ್ಲಬೇಕು. ಗೇರು ಎಷ್ಟು ಎಂಬ ಎಣಿಕೆ ಬೇಡ: ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಹತ್ತೋ ಹನ್ನೊಂದೋ ಇದ್ದರೆ ಸಾಕು.

ಇಷ್ಟಾದ ಮೇಲೆ ಅಸಲು ಪ್ರಶ್ನೆ: ಇದನ್ನು ಓಡಿಸುವುದೆಲ್ಲಿ? ದೇವನಹಳ್ಳಿ ಸಮೀಪದ ಆವತಿಯಂಥ ಬಂಡೆಗಲ್ಲಿನ ದಾರಿಗೆ ವಾರವಾರ ಹೋಗುವ ಹುಡುಗ ಹುಡುಗಿಯರಿಗೆ ಹಿಂದಿನ ಶಾಕಪ್ಪು ದುಂದಲ್ಲ. ಇಳಿಜಾರಿನಲ್ಲಿ ಚಕ್ರ ನೆಲಕ್ಕಂಟಿಕೊಂಡು ಕೈ ತಪ್ಪದಂತೆ ಕಾಯುತ್ತದೆ. ಶಾಲೆ, ಟ್ಯೂಷನ್, ಭಾನುವಾರ ಕೆರೆ ಏರಿಯ ಮೇಲೊಂದು ಸುತ್ತು ಎನ್ನುವವರಿಗೆ 14ರಿಂದ 16 ಕಿಲೋ ತೂಗುವ ಈ ಸೈಕಲ್ಲು ಒಂದು ಶಿಕ್ಷೆ. ಲಕ್ಷದೊಳಗೇ ಮುಗಿಸಬೇಕೆಂದಿದ್ದರೆ ಹಿಂದಿನ ಶಾಕಪ್ಪಿನ ಆಸೆ ಬಿಡುವುದೇ ಲೇಸು. ಅದೇ ಹಣಕ್ಕೆ ಹಿಂಭಾಗ ಗಟ್ಟಿಯಾಗಿರುವ ಸೈಕಲ್ಲಿನಲ್ಲಿ ಉತ್ತಮ ಗಾಳಿ ಫೋರ್ಕು, ಒಳ್ಳೆಯ ಬ್ರೇಕು, ಗಟ್ಟಿ ಚಕ್ರ ಎಲ್ಲವೂ ಬರುತ್ತವೆ. ಮಕ್ಕಳು ಮುಖ ಊದಿಸಿಕೊಳ್ಳಬಹುದು. ಮೊದಲ ಏರಿನಲ್ಲಿ ಸರಿಹೋಗುತ್ತಾರೆ.

ಖರ್ಚು ಅಂಗಡಿಯ ಬಾಗಿಲಲ್ಲಿ ಮುಗಿಯುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಫೋರ್ಕಿನ ಕೆಳಭಾಗವನ್ನು ಸುಮಾರು 50 ಗಂಟೆ ಓಡಿದ ಮೇಲೆ ಬಿಚ್ಚಿ ಎಣ್ಣೆ ಬದಲಿಸಬೇಕೆಂದು ರಾಕ್‌ಶಾಕ್ಸ್‌ನಂಥ ತಯಾರಕರು ಹೇಳುತ್ತಾರೆ. ಭಾನುವಾರಕ್ಕೆ ಎರಡು ಗಂಟೆ ಎಂದರೆ ವರ್ಷಕ್ಕೆ ಎರಡು ಸಲ. ಮೂಲೆಯ ಪಂಕ್ಚರ್ ಅಂಗಡಿಯಲ್ಲಿ ಈ ಕೆಲಸ ಆಗದು. ಸೀಲು, ಎಣ್ಣೆ, ಬೇರಿಂಗು ನಿಮ್ಮ ಊರಿನಲ್ಲಿ ಸಿಗುತ್ತವೆಯೇ, ಇಲ್ಲ ಬೆಂಗಳೂರಿಗೆ ಕಳಿಸಬೇಕೇ ಎಂದು ಮೊದಲೇ ವಿಚಾರಿಸಿ. ಶಾಕಪ್ಪಿಗೆ ಗಾಳಿ ತುಂಬಲು ಬೇರೆಯೇ ಒಂದು ಸಣ್ಣ ಪಂಪು ಬೇಕು. ಸೈಕಲ್ಲಿನ ಜೊತೆಗೇ ಕೇಳಿ ಪಡೆಯಿರಿ. ಕೆಸರು ತೊಳೆಯಲು ಬಕೆಟ್ ನೀರು, ಹಳೆಯ ಬಟ್ಟೆ ಸಾಕು. ಸ್ಕೂಟರ್ ತೊಳೆಯುವ ವಾಟರ್ ಸರ್ವೀಸಿಗೆ ಕೊಟ್ಟರೆ ರಭಸದ ನೀರು ಕೀಲುಗಳೊಳಗೆ ನುಗ್ಗಿ ಗ್ರೀಸನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ.