ಕಡಲು ಸೇರಿದ ನೀರು ದಂಡವೇ?

ಕೊನೆಕೊಯ್ಲು ಮುಗಿದು, ಒಣಗಿದ ಅಡಿಕೆ ಚೀಲ ಸೇರಿದ ಮೇಲೆ ನಮ್ಮಂಥ ಸಣ್ಣ ತೋಟದವರಿಗೆ ಎರಡು ದಿನದ ಬಿಡುವು ಸಿಗುವುದುಂಟು. ಈ ಸಲ ಆ ಬಿಡುವಿನಲ್ಲಿ ನಾವು ನಾಲ್ವರು ಶಿರಸಿಯಿಂದ ಘಟ್ಟವಿಳಿದು ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಗೆ ಹೋಗಿಬಂದೆವು. ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಮಸರಕಲ್ಲಿನಿಂದ ನಮ್ಮಲ್ಲಿಗೆ ಬಂದಿದ್ದ ರೈತ ಮಿತ್ರರೊಬ್ಬರೂ ಜೊತೆಗಿದ್ದರು. ಅವರು ಸಮುದ್ರ ಕಂಡದ್ದು ಅದೇ ಮೊದಲು.

ಈ ಹೊಳೆ ನಮಗೆ ಹೊಸದಲ್ಲ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಅಡಿಕೆ ತೋಟಗಳ ಮಗ್ಗುಲಲ್ಲಿ ಹರಿದು, ಉಂಚಳ್ಳಿಯಲ್ಲಿ ಧುಮುಕಿ, ಸುಮಾರು 120 ಕಿಲೋಮೀಟರು ಸಾಗಿ ತದಡಿಯ ಬಳಿ ಕಡಲು ಸೇರುತ್ತದೆ. ದಾರಿಯಲ್ಲಿ ದೊಡ್ಡ ಅಣೆಕಟ್ಟೊಂದೂ ಇಲ್ಲ. 4,801 ಹೆಕ್ಟೇರಿನ ಈ ಅಳಿವೆಯು 2024ರ ಜನವರಿಯಲ್ಲಿ ರಾಮ್‌ಸಾರ್ ಪಟ್ಟಿಗೆ, ಎಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅದರೊಡನೆ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಸೇರಿತೆಂದು ಹೇಳಿದಾಗ ಮಸರಕಲ್ಲಿನ ಮಿತ್ರರಿಗೆ ಸಂತೋಷವಾಯಿತು.

ಬೆಳಗಿನ ಇಳಿತದ ಹೊತ್ತಿಗೆ ದೋಣಿ ಹತ್ತಿದೆವು. ಹುಟ್ಟಿನ ಸಪ್ಪಳ ಬಿಟ್ಟರೆ ಬೇರೆ ಸದ್ದಿಲ್ಲ. ಕೆಸರು ದಿಬ್ಬದ ಮೇಲೆ ಬೆಳ್ಳಕ್ಕಿಗಳು, ಮರದ ತುದಿಯಲ್ಲಿ ಗರುಡ. ಕಾಂಡ್ಲಾ ಬೀಜ ಮರದಲ್ಲಿರುವಾಗಲೇ ಮೊಳೆತು ಕೋಲಿನಂತೆ ಜೋತಾಡುವುದನ್ನು ಕಂಡು, "ನರ್ಸರಿ ಖರ್ಚಿಲ್ಲದ ಸಸಿ" ಎಂದು ನಮ್ಮಲ್ಲೊಬ್ಬರು ನಕ್ಕರು.

ಮಿತ್ರರು ಮಾತ್ರ ನಗಲಿಲ್ಲ. "ಇಷ್ಟು ನೀರು ಸುಮ್ಮನೆ ಸಮುದ್ರಕ್ಕ ಹೊಂಟದಲ್ರಿ, ದಂಡ ಅಲ್ಲೇನ್ರಿ?" ಎಂದರು. ನಾರಾಯಣಪುರದ ಕಾಲುವೆಗೆ ನೀರು ಬಿಡುವ ದಿನವನ್ನು ಎಣಿಸುವ ಸೀಮೆಯವರ ಮಾತು ಅದು, ಹಗುರವಾಗಿ ಕಾಣುವಂತಿಲ್ಲ. ಅಘನಾಶಿನಿಯನ್ನು ಪೂರ್ವಕ್ಕೆ ತಿರುಗಿಸಿ ವೇದಾವತಿಗೆ ಸೇರಿಸಬೇಕೆಂಬ ಪ್ರಸ್ತಾವದ ಹಿಂದೆ ಇರುವುದೂ ಇದೇ ಪ್ರಶ್ನೆ.

ಅಂಬಿಗ, "ಬಾಯಿಗೆ ಹಾಕಿ ನೋಡಿ" ಎಂದ. ಮಿತ್ರರು ಬೊಗಸೆ ನೀರು ಬಾಯಿಗಿಟ್ಟು ಉಗುಳಿದರು. ಉಪ್ಪು! ಮಳೆಗಾಲದಲ್ಲಿ ಘಟ್ಟದ ನೀರು ಬಂದು ಇದೇ ಜಾಗ ಸಿಹಿಯಾಗುತ್ತದೆ. ಆ ಸಿಹಿನೀರು ಗಜನಿ ಗದ್ದೆಯ ಉಪ್ಪನ್ನು ತೊಳೆದ ಮೇಲೆಯೇ ಅಲ್ಲಿ ಕಗ್ಗ ಭತ್ತ ಬೆಳೆಯುವುದು. ಕೊಯ್ಲಾದ ಬಳಿಕ ಉಪ್ಪುನೀರು ಒಳಬಿಟ್ಟರೆ ಸೀಗಡಿ, ಮೀನು. ಅಷ್ಟರಲ್ಲಿ ಮೊಣಕಾಲುದ್ದ ನೀರಿನಲ್ಲಿ ಹೆಂಗಸರು ಚಿಪ್ಪೆಕಲ್ಲು ಆರಿಸುತ್ತಿದ್ದುದು ಕಾಣಿಸಿತು. ಉಪ್ಪು ಸಿಹಿ ಬೆರೆತ ನೀರೇ ಅದಕ್ಕೂ ಬೇಕು. ಮೇಲಿನಿಂದ ಬರುವ ನೀರು ಕಡಿಮೆಯಾದರೆ ಈ ಗದ್ದೆಗೂ ಈ ಬುಟ್ಟಿಗೂ ಕುತ್ತು.

ಮಿತ್ರರು ಬಹಳ ಹೊತ್ತು ಸುಮ್ಮನಿದ್ದು, "ಇವರದೂ ಒಕ್ಕಲುತನನೇ ಬಿಡ್ರಿ" ಎಂದರು. ತಮ್ಮ ಊರಿನ ನೀರಿನ ಚಿಂತೆ ಅವರಿಗೆ ತಪ್ಪಿರಲಿಲ್ಲ. ನಮ್ಮ ಬಳಿ ಅದಕ್ಕೆ ಉತ್ತರವೂ ಇರಲಿಲ್ಲ.

ಸದಸ್ಯ ಬಂಧುಗಳು ಒಮ್ಮೆ ಮನೆಮಂದಿಯೊಡನೆ ಹೋಗಿಬನ್ನಿ. ಇಳಿತದ ವೇಳೆ ವಿಚಾರಿಸಿಕೊಂಡು ಹೊರಡಿ, ಊರವರ ದೋಣಿಯನ್ನೇ ಹಿಡಿಯಿರಿ, ಗದ್ದಲ ಮಾಡಬೇಡಿ, ಪ್ಲಾಸ್ಟಿಕ್ ಬಿಟ್ಟುಬರಬೇಡಿ. ಇನ್ನೊಂದು ವಿನಂತಿ: ಕೊಳೆರೋಗಕ್ಕೆ ಔಷಧಿ ಹೊಡೆದ ಮೇಲೆ ಮೈಲುತುತ್ತದ ಡ್ರಮ್ಮನ್ನು ಹೊಳೆಯಲ್ಲಿ ತೊಳೆಯಬೇಡಿ. ತಾಮ್ರವು ನೀರಿನ ಜೀವಿಗಳಿಗೆ ವಿಷ. ಆ ಹೆಂಗಸರು ನಿಂತಿದ್ದ ನೀರು ನಮ್ಮ ತೋಟದ ಬದಿಯಿಂದಲೇ ಹೋದದ್ದು.